ರೆಫ್ರಿಗೆ ಎಷ್ಟು ಮಾರ್ಕು

ಪೆನಾಲ್ಟಿ ಅಲ್ಲ ಅದು. ಮೊದಲು ಅದನ್ನು ಹೇಳಿಬಿಡ್ತೇನೆ, ಬೇರೆಲ್ಲ ಆಮೇಲೆ. ಬಾಲ್ ಬಿದ್ದದ್ದು ನಮ್ಮ ಡಿಫೆಂಡರ್ ಯತಿನ್‌ನ ಭುಜಕ್ಕೆ, ಕೈಗಲ್ಲ. ಕೈ ಮೈಗೆ ಅಂಟಿಕೊಂಡಿತ್ತು, ಅವ ಪಾಪ ಬೇರೆ ಕಡೆ ತಿರುಗಿದ್ದ. ಸ್ಟ್ಯಾಂಡಿನಲ್ಲಿ ಕೂತ ನಾವು ನಲವತ್ತು ಜನ ನೋಡಿದ್ದೇವೆ, ಗೇಟಿನ ಹತ್ರದ ವಡಾಪಾವಿನವ ನೋಡಿದ್ದಾನೆ. ನೋಡದವ ಒಬ್ಬನೇ, ವಿಸಿಲ್ ಊದಿದವ. ಅವ ನನ್ನ ಅಣ್ಣ.

ಖಾಡಿ ಎಫ್‌ಸಿ ಅಂದ್ರೆ ನಮ್ಮ ಐರೋಲಿಯ ಟೀಮು. ನಮ್ಮ ಮನೆ ಇರೋದು ಕೋಪರಖೈರಣೆಯಲ್ಲಿ, ಆದ್ರೆ ನಾನು ಎಂಟನೇ ಕ್ಲಾಸಿನಿಂದ ಖಾಡಿಯವಳು. ಕೊಂಕಣ್ ಪ್ರೊ ಲೀಗಿನಲ್ಲಿ ಹತ್ತು ಟೀಮ್ ಉಂಟು, ಆಡುವವರಿಗೆ ತಿಂಗಳ ಸಂಬಳ ಉಂಟು, ಟಿಕೆಟ್ ಉಂಟು, ಯೂಟ್ಯೂಬಿನಲ್ಲಿ ಲೈವ್ ಕೂಡ ಬರ್ತದೆ. ಅದರಲ್ಲಿ ಎಲ್ಲಕ್ಕಿಂತ ಬಡ ಟೀಮು ನಮ್ಮದೇ. ನಮ್ಮ ಮ್ಯಾನೇಜರ್ ಶೇಖರಣ್ಣನಿಗೆ ಐರೋಲಿ ಸ್ಟೇಷನ್ ಹತ್ರ ಹೋಟೆಲ್ ಉಂಟು, ಜೆರ್ಸಿ ಮೇಲೆ ಸ್ಪಾನ್ಸರ್ ಅಂತ ಇರೋದು ಆ ಹೋಟೆಲಿನ ಹೆಸರು. ಎದುರಿನ ಟೀಮು ತ್ರಿಶಿಖರ್ ಕಲ್ಯಾಣ್. ಒಬ್ಬ ಬಿಲ್ಡರ್‌ನದ್ದು. ಅವರಿಗೆ ಎಸಿ ಬಸ್ಸು, ಎರಡು ಫಿಸಿಯೊ, ಬಾಲ್ ಹೆಕ್ಕಲಿಕ್ಕೂ ಯೂನಿಫಾರ್ಮ್ ಹಾಕಿದ ಜನ.

ಭಾನುವಾರ ಆ ಪೆನಾಲ್ಟಿಯಿಂದ ನಾವು ಸೊನ್ನೆ-ಒಂದರಲ್ಲಿ ಸೋತೆವು. ಅದನ್ನು ಕೊಡುವಾಗ ಇನ್ನು ಎರಡೇ ನಿಮಿಷ ಬಾಕಿ ಇತ್ತು. ಸ್ಟ್ಯಾಂಡಿನಲ್ಲಿ ಎಲ್ರೂ ಎದ್ದು ನಿಂತು "ರೆಫ್ರಿ ಚೋರ್ ಹೈ" ಅಂತ ಶುರು ಮಾಡಿದ್ರು. ನಾನೂ ಎದ್ದು ನಿಂತಿದ್ದೆ. ಖಾಡಿಯ ಪೇಜ್ ನಡೆಸುವ ಅಕ್ಷಿತ್ ನನ್ನ ಪಕ್ಕದಲ್ಲೇ ನಿಂತು ಕಿರುಚ್ತಿದ್ದ, ನೀನು ಯಾಕೆ ಸುಮ್ಮನೆ ಅಂತ ಕೇಳಿದ. ಗಂಟಲು ನೋವು ಅಂದೆ. ಸೂರಜ್ ನನ್ನ ಅಣ್ಣ ಅಂತ ಅಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ಲ. ಇಷ್ಟು ವರ್ಷ ಹೇಳುವ ಅಗತ್ಯವೂ ಬಂದಿರ್ಲಿಲ್ಲ, ಅವನಿಗೆ ನಮ್ಮ ಮ್ಯಾಚ್ ಯಾವತ್ತೂ ಸಿಕ್ಕಿದ್ದಿಲ್ಲ. ಈ ಸಲ ಬರಬೇಕಿದ್ದ ರೆಫ್ರಿಗೆ ಜ್ವರ ಬಂದು ಶನಿವಾರ ಇವನನ್ನು ಕರೆದ್ರು.

ಇನ್ನೊಂದು ವಿಷಯ. ಈ ಸೀಸನ್ ಇಡೀ ರೆಫ್ರಿಗಳು ದುಡ್ಡು ತಿಂದಿದ್ದಾರೆ ಅಂತ ಎಲ್ಲಕ್ಕಿಂತ ಜೋರಾಗಿ ಹೇಳಿದ್ದು ಯಾರು ಅಂತ ಕೇಳಿದ್ರೆ, ನಾನೇ. ನಮ್ಮ ವಿರುದ್ಧ ಹೋದ ಹನ್ನೊಂದು ಡಿಸಿಷನ್ ಹೆಕ್ಕಿ, ಸ್ಲೋ ಮಾಡಿ, ಕೆಂಪು ಗೆರೆ ಎಳೆದು ವಿಡಿಯೋ ಮಾಡಿದ್ದು ನಾನು. ಅದಕ್ಕೆ ನಲವತ್ತು ಸಾವಿರ ವ್ಯೂ ಬಂದಿತ್ತು. ಎಲ್ಲೋ ಒಂದು ರೂಮು ಉಂಟು, ಅಲ್ಲಿ ಸೂಟ್ ಹಾಕಿದವ ಒಬ್ಬ ಕೂತು ಫೋನ್ ಮಾಡ್ತಾನೆ, ಆಮೇಲೆ ವಿಸಿಲ್ ಊದ್ತದೆ ಅಂತ ನಾನು ನಿಜವಾಗಿ ನಂಬಿದ್ದೆ. ಸೂರಜ್ ಆ ವಿಡಿಯೋ ನೋಡಿ ಏನೂ ಹೇಳಿರ್ಲಿಲ್ಲ, ಬರೇ ಮ್ಯೂಸಿಕ್ ಸ್ವಲ್ಪ ಜಾಸ್ತಿ ಆಯ್ತು ಅಂದಿದ್ದ.

ಮನೆಗೆ ಬಂದಾಗ ಅವ ಊಟಕ್ಕೆ ಕೂತಿದ್ದ. ಸ್ನಾನ ಆಗಿತ್ತು, ಸಾಕ್ಸ್ ಒಗೆದು ಕಿಟಕಿಗೆ ಹಾಕಿ ಆಗಿತ್ತು. ಅವ ಯಾವಾಗಲೂ ಹಾಗೇ, ಏನೂ ಆಗದ ಹಾಗೆ. ನಂಗೆ ಅದನ್ನು ನೋಡಿಯೇ ತಲೆ ಕೆಟ್ಟಿತು. ಚಪ್ಪಲಿ ಬಿಚ್ಚದೆ ಒಳಗೆ ಹೋಗಿ ಫೋನ್ ಅವನ ತಟ್ಟೆಯ ಪಕ್ಕ ಇಟ್ಟೆ, ಕ್ಲಿಪ್ ಹಾಕಿದೆ. ಅವ ತುತ್ತು ಕೈಯಲ್ಲೇ ಹಿಡಿದು ನೋಡಿದ. ಇನ್ನೊಮ್ಮೆ ಹಾಕು ಅಂದ. ಹಾಕಿದೆ. ಮೂರನೇ ಸಲ ಅವನೇ ಎಡಗೈಯಲ್ಲಿ ಹಾಕಿಕೊಂಡ.

"ನಂಗೆ ಕೈ ಕಂಡಿತು," ಅಂದ.

ಕಾಣ್ಲಿಕ್ಕೆ ಅಲ್ಲಿ ಕೈ ಎಲ್ಲಿತ್ತು ಅಂತ ಕೇಳಿದೆ. ಅವ ಫೋನನ್ನು ನನ್ನ ಕಡೆ ಸರಿಸಿದ. ಆಗ ನನ್ನ ಬಾಯಿಂದ ಬಂತು, ತಡೆಯುವಷ್ಟರಲ್ಲಿ ಬಂದಾಗಿತ್ತು.

"ನಿಂಗೆ ಎಷ್ಟು ಕೊಟ್ರು?"

ಅಡುಗೆಮನೆಯಲ್ಲಿ ಅಮ್ಮನ ಕೈಯ ಸೌಟು ನಿಂತಿತು. ಸೂರಜ್ ಕೈ ತೊಳೆದು ಬಂದ. ಅವ ಬೈತಾನೆ ಅಂತ ಕಾದೆ. ಬೈಯ್ಲಿಲ್ಲ. ಅವನ ಫೋನಿನಲ್ಲಿ ಒಂದು ಆ್ಯಪ್ ತೆಗೆದು ನನ್ನ ಎದುರು ಹಿಡಿದ.

"ಇಷ್ಟು ಕೊಟ್ರು. ನೋಡು."

ಸ್ಕ್ರೀನಿನ ಮೇಲೆ ಇವತ್ತಿನ ಮ್ಯಾಚಿನ ಹೆಸರು, ಕೆಳಗೆ ಎರಡು ಸಾಲು. ತ್ರಿಶಿಖರ್ ಕಲ್ಯಾಣ್, ಹತ್ತಕ್ಕೆ ಹತ್ತು. ಖಾಡಿ ಎಫ್‌ಸಿ, ಇನ್ನೂ ಹಾಕಿಲ್ಲ.

ನಂಗೆ ಅರ್ಥ ಆಗ್ಲಿಲ್ಲ. ಅವ ಹೇಳಿದ. ಪ್ರತಿ ಮ್ಯಾಚ್ ಆದ ಮೇಲೆ ಎರಡೂ ಟೀಮಿನ ಮ್ಯಾನೇಜರ್ ರೆಫ್ರಿಗೆ ಮಾರ್ಕ್ ಹಾಕ್ಬೇಕು, ಮರುದಿನ ಸಂಜೆ ಆರು ಗಂಟೆಯ ಒಳಗೆ. ಸೀಸನ್ ಮುಗಿದ ಮೇಲೆ ಸರಾಸರಿ ತೆಗೀತಾರೆ. ಏಳೂವರೆ ಮುಟ್ಟಿದವರಲ್ಲಿ ಇಬ್ಬರ ಹೆಸರು ನ್ಯಾಷನಲ್ ಪ್ಯಾನೆಲ್‌ಗೆ ಹೋಗ್ತದೆ. ಈ ವರ್ಷ ಮುಟ್ಟಿದವ ಒಬ್ಬನೇ ಇದ್ದ, ಇನ್ನೊಂದು ಜಾಗ ಖಾಲಿ. ಮೂವತ್ತು ತುಂಬಿದವರ ಹೆಸರು ತಗೊಳ್ಳೋದಿಲ್ಲ, ಸೂರಜನಿಗೆ ಫೆಬ್ರವರಿಗೆ ಮೂವತ್ತು. ಮಹಾಪೆಯ ಗೋಡೌನಿನಲ್ಲಿ ಬೆಳಿಗ್ಗೆ ಎಂಟರಿಂದ ನಾಲ್ಕೂವರೆಯವರೆಗೆ ಪೆಟ್ಟಿಗೆಗೆ ಸ್ಟಿಕ್ಕರ್ ಅಂಟಿಸಿ, ಸಂಜೆ ಓಡಿ, ಹತ್ತು ವರ್ಷ ಅವ ಕಾದದ್ದು ಈ ಒಂದು ಹೆಸರಿಗೆ. ಇದು ಅವನ ಸೀಸನ್ನಿನ ಕೊನೆಯ ಮ್ಯಾಚ್. ಮ್ಯಾಚಿಗೆ ಮುಂಚೆ ಸರಾಸರಿ ಏಳು ಪಾಯಿಂಟ್ ನಾಲ್ಕು.

"ನವೆಂಬರಿನಲ್ಲಿ ಡೊಂಬಿವಲಿಯಲ್ಲಿ ತ್ರಿಶಿಖರ್ ಕ್ಯಾಪ್ಟನ್‌ಗೆ ರೆಡ್ ಕಾರ್ಡ್ ಕೊಟ್ಟಿದ್ದೆ, ನೆನಪುಂಟಾ?" ಅಂದ.

ನೆನಪಿತ್ತು. ಮೊಣಕಾಲಿನ ಮೇಲೆ ಕಾಲಿಟ್ಟದ್ದಕ್ಕೆ. ಲೈವ್ ನೋಡಿ ನಾನು ಮನೆಯಲ್ಲಿ ಕುಣಿದಿದ್ದೆ.

"ಎರಡು ಹಾಕಿದ್ರು ಅವರು. ಹತ್ತಕ್ಕೆ ಎರಡು. ಆಮೇಲೆ ಎರಡು ತಿಂಗಳು ನಂಗೆ ದೊಡ್ಡ ಟೀಮಿನ ಮ್ಯಾಚೇ ಇಲ್ಲ. ಯಾರೂ ಫೋನ್ ಮಾಡೋದಿಲ್ಲ ಪ್ರಣಿ. ಯಾಕೆ ಮಾಡ್ಬೇಕು? ಆ ಎರಡು ನಂಗೆ ಬಾಯಿಪಾಠ ಉಂಟು."

ಹಾಗಾದ್ರೆ ಬೇಕಂತಲೇ ಕೊಟ್ಟದ್ದಾ ಅಂತ ಕೇಳಿದೆ. ಗೊತ್ತಿಲ್ಲ ಅಂದ. ವಿಸಿಲ್ ಊದಿ ಆದ ಮೇಲೆ ನೋಡಿದ್ರೆ ಕೈ ಪೆನಾಲ್ಟಿ ಸ್ಪಾಟಿಗೆ ತೋರಿಸ್ತಾ ಇತ್ತು ಅಂದ. ಆಮೇಲೆ, "ನನ್ನ ಜನ್ಮದಲ್ಲಿ ಯಾರೂ ಹತ್ತು ಕೊಟ್ಟಿರ್ಲಿಲ್ಲ. ಬಸ್ಸು ಹತ್ತುವ ಮುಂಚೆ ಹಾಕಿದ್ದಾರೆ," ಅಂತ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಿಟ್ಟು ಯಾರ ಮೇಲೆ ಮಾಡ್ಬೇಕು ಅಂತ ಗೊತ್ತಾಗದಿದ್ರೆ ಅದು ಇನ್ನೂ ಜಾಸ್ತಿ ಆಗ್ತದೆ. ಒಂದು ವರ್ಷ ನಾನು ಹುಡುಕಿದ ಗುಟ್ಟಿನ ರೂಮು ಇಲ್ಲವೇ ಇಲ್ಲ. ಒಂದು ಫಾರ್ಮ್ ಉಂಟು. ಲೀಗಿನ ರೂಲ್ ಪುಸ್ತಕದಲ್ಲಿ ಪುಟ ನಂಬರ್ ಹಾಕಿ ಪ್ರಿಂಟ್ ಮಾಡಿದ್ದಾರೆ, ಯಾರು ಬೇಕಾದ್ರೂ ಓದಬಹುದು, ನಾವು ಯಾರೂ ಓದಿಲ್ಲ.

ಅಷ್ಟರಲ್ಲಿ ಅಕ್ಷಿತ್ ಗ್ರೂಪಿನಲ್ಲಿ ನನ್ನ ಕ್ಲಿಪ್ ಕೇಳ್ಲಿಕ್ಕೆ ಶುರು ಮಾಡಿದ. ರೆಫ್ರಿಯ ಮುಖ ದೊಡ್ಡದು ಮಾಡಿ ಮೇಲೆ "ಬಿಕ್ ಗಯಾ" ಅಂತ ಹಾಕುವಾ ಅಂದ. ನಾನು ಟೈಪ್ ಮಾಡಿದೆ, ತಪ್ಪು ಡಿಸಿಷನ್ ಅಂತ ಹಾಕು, ಮಾರಿಕೊಂಡಿದ್ದಾನೆ ಅಂತ ಹಾಕ್ಬೇಡ. ಫಾರ್ಮಿನ ವಿಷಯ ಎಲ್ಲ ಉದ್ದಕ್ಕೆ ಬರೆದೆ. ಯಾರೂ ಓದ್ಲಿಲ್ಲ. ನಿಂಗೆ ಹೇಗೆ ಗೊತ್ತು, ನೀನು ಅವನ ಲಾಯರಾ ಅಂತ ಒಬ್ಬ. ನಾನು ಬರೆದೆ, ಅವ ನನ್ನ ಅಣ್ಣ.

ಎರಡು ನಿಮಿಷದಲ್ಲಿ ಅಕ್ಷಿತ್ ನನ್ನನ್ನು ಗ್ರೂಪಿನಿಂದ ತೆಗೆದ. ಆರು ವರ್ಷದ ಗ್ರೂಪು. ಅದರ ಹೆಸರು ಇಟ್ಟದ್ದು ನಾನು.

ಬೆಳಿಗ್ಗೆ ಸೂರಜ್ ಶಿಫ್ಟಿಗೆ ಹೋದ ಮೇಲೆ ಅಮ್ಮ ನನ್ನನ್ನು ಎಬ್ಬಿಸಿದಳು. ನನ್ನ ಅಮ್ಮ ಮೋಹಿನಿಗೆ ಫುಟ್ಬಾಲ್ ಅಂದ್ರೆ ಒಗೆಯುವ ಬಟ್ಟೆ ಅಷ್ಟೇ. ಆದ್ರೆ ರಾತ್ರಿ ನಾವು ಮಾತಾಡಿದ್ದು ಒಂದು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದಳು. ಸ್ಟೀಲ್ ಡಬ್ಬದಲ್ಲಿ ಕೆಸುವಿನ ಎಲೆಯ ಪತ್ರೊಡೆ ತುಂಬಿಸಿ ಇಟ್ಟಿದ್ದಳು, ಇನ್ನೂ ಬಿಸಿ ಇತ್ತು. ಐದಕ್ಕೆ ಎದ್ದು ಅಕ್ಕಿ ಅರೆದಿರ್ಬೇಕು.

"ಶೇಖರನಿಗೆ ಕೊಟ್ಟು ಬಾ," ಅಂದಳು. "ಅವ ನಮ್ಮ ಮೂಲ್ಕಿಯವನೇ. ಸೂರಜನಿಗೆ ಒಳ್ಳೆ ಮಾರ್ಕ್ ಹಾಕು ಅಂತ ಒಂದು ಮಾತು ಹೇಳಿದ್ರೆ ಯಾರ ಗಂಟು ಹೋಗ್ತದೆ?"

ಅಮ್ಮ, ಇದನ್ನೇ ಅಲ್ವಾ ನಾವು ಸೆಟಿಂಗ್ ಅಂತ ಹೇಳೋದು ಅಂದೆ. ಪತ್ರೊಡೆಯಲ್ಲಿ ಎಂತ ಸೆಟಿಂಗ್, ಅವರು ಹತ್ತು ಹಾಕುವಾಗ ಇಲ್ಲದ್ದು ನಮ್ಮವರು ಹಾಕುವಾಗ ಯಾಕೆ ಅಂತ ಅವಳು. ಕೂಗಾಡಿದೆ. ಅವಳು ಡಬ್ಬವನ್ನು ನನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಕಣ್ಣು ಕೆಂಪಗಿತ್ತು. "ಹತ್ತು ವರ್ಷ ಅವನ ಸಾಕ್ಸ್ ನೋಡಿದ್ದೇನೆ ನಾನು," ಅಂದಳು. ಬ್ಯಾಗ್ ಹೆಗಲಿಗೆ ಹಾಕಿ ಹೊರಟೆ.

ಟ್ರೇನಿನಲ್ಲಿ ಘನ್ಸೋಲಿ, ರಬಾಳೆ ದಾಟುವವರೆಗೂ ಫೋನಿನಲ್ಲಿ ಲೆಕ್ಕ ಹಾಕಿದೆ. ರಾತ್ರಿ ಅವನ ಆ್ಯಪಿನಲ್ಲಿ ಕಂಡ ಹಾಗೆ ಹನ್ನೆರಡು ಮ್ಯಾಚು, ಇಪ್ಪತ್ನಾಲ್ಕು ಮಾರ್ಕು, ಒಟ್ಟು ನೂರ ಎಪ್ಪತ್ತೆಂಟು. ತ್ರಿಶಿಖರ್ ಹತ್ತು ಸೇರಿಸಿದ್ರೆ ಖಾಡಿಯಿಂದ ಏಳು ಬಂದ್ರೆ ಸಾಕು, ಸರಿಯಾಗಿ ಏಳೂವರೆ. ಆರು ಬಂದ್ರೆ ಇಲ್ಲ. ಏಳು ಅಂದ್ರೆ ಎಂತ, ಸುಮಾರು ಅಂತ ಅಷ್ಟೇ. ಯಾರಿಗೂ ಅನುಮಾನ ಬಾರದ ನಂಬರು.

ಶೇಖರಣ್ಣ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸ್ತಾ ಕೂತಿದ್ದರು. ಬೆಳಗ್ಗಿನ ರಶ್, ಇಡ್ಲಿ ವಡೆಗೆ ಐಟಿಯ ಹುಡುಗರು ಬ್ಯಾಗ್ ಹಾಕಿಕೊಂಡೇ ನಿಂತು ತಿಂತಾ ಇದ್ರು. ನನ್ನನ್ನು ಕಂಡದ್ದೇ ನಿನ್ನೆಯ ಮ್ಯಾಚಿಗೆ ಬೈಯ್ಲಿಕ್ಕೆ ಶುರು ಮಾಡಿದ್ರು. ಅನ್ಯಾಯ, ಹಗಲು ದರೋಡೆ, ಯತಿನ್ ಹುಡುಗ ಅತ್ತುಬಿಟ್ಟ ಅಂತೆಲ್ಲ. ಡಬ್ಬ ತೆಗೆದು ಇಟ್ಟೆ. ರೆಫ್ರಿ ನನ್ನ ಅಣ್ಣ ಅಂದೆ.

ಅವರ ಮುಖ ನೋಡ್ಬೇಕಿತ್ತು. ದರೋಡೆ ಅಂದ ಬಾಯಿ ಹಾಗೇ ತೆರೆದು, ಅದೇ ಬಾಯಿಯಲ್ಲಿ ನಗು ಬಂತು.

"ಮೋಹಿನಿಯಕ್ಕನ ಮಗನಾ ಅವ? ಹೇಳ್ಬಾರದಿತ್ತಾ ಮಾರಾಯ್ತಿ," ಅಂದ್ರು. "ಒಳ್ಳೆ ಹುಡುಗ. ಚೆನ್ನಾಗಿ ಓಡ್ತಾನೆ."

ಮಾರ್ಕ್ ಹಾಕಿದ್ರಾ ಅಂತ ಕೇಳಿದೆ. ಇಲ್ಲ, ಕನ್ನಡಕ ಮನೆಯಲ್ಲಿ ಬಾಕಿ, ಯಾವಾಗಲೂ ಯಾರಾದ್ರೂ ಹುಡುಗರ ಹತ್ರ ಹಾಕಿಸೋದು, ನೀನೇ ಹಾಕು ಅಂತ ಫೋನ್ ನನ್ನ ಕೈಗೆ ಕೊಟ್ರು. "ಒಂಬತ್ತು ಹಾಕು. ನಾನು ಒಂಬತ್ತೇ ಹಾಕೋದು. ನಿನ್ನ ಅಣ್ಣನಿಗೆ ಬೇಕಿದ್ರೆ ಹತ್ತು ಹಾಕು."

ಆ್ಯಪಿನಲ್ಲಿ ಹಳೆಯದೆಲ್ಲ ಇತ್ತು. ಬೆರಳಿನಿಂದ ಮೇಲೆ ತಳ್ಳಿದೆ. ಒಂಬತ್ತು. ಒಂಬತ್ತು. ಒಂಬತ್ತು. ನನ್ನ ವಿಡಿಯೋದ ಹನ್ನೊಂದು ಡಿಸಿಷನ್ ಕೊಟ್ಟವರೆಲ್ಲ ಅಲ್ಲಿದ್ದರು, ಎಲ್ಲರಿಗೂ ಒಂಬತ್ತು. ಪನ್ವೇಲಿನಲ್ಲಿ ನಮ್ಮ ಒಳ್ಳೆ ಗೋಲನ್ನು ಆಫ್‌ಸೈಡ್ ಅಂತ ತೆಗೆದವನಿಗೆ, ಅವತ್ತು ಶೇಖರಣ್ಣ ಸ್ವತಃ ನೀರಿನ ಬಾಟಲಿ ನೆಲಕ್ಕೆ ಎಸೆದಿದ್ದರು, ಅವನಿಗೂ ಒಂಬತ್ತು.

ಇದು ಎಂತ ಅಂತ ಕೇಳಿದೆ. ನನ್ನ ಸ್ವರ ಜೋರಾಗಿತ್ತು, ಇಡ್ಲಿ ತಿನ್ನುವವರು ತಿರುಗಿ ನೋಡಿದ್ರು.

ಶೇಖರಣ್ಣ ಪತ್ರೊಡೆಯ ತುಂಡು ಬಾಯಿಗೆ ಹಾಕಿಕೊಂಡು ಬಹಳ ಮರ್ಯಾದೆಯಿಂದ ಹೇಳಿದ್ರು, "ಪಾಪ ಮಗಾ, ಬಿಸಿಲಲ್ಲಿ ಓಡ್ತಾರೆ. ನಮ್ಮ ಗ್ರೌಂಡಿಗೆ ಬಂದವರು. ಹೋಟೆಲಿನವ ನಾನು, ಬಂದವರಿಗೆ ಕಡಿಮೆ ಬಡಿಸ್ಲಿಕ್ಕೆ ಆಗ್ತದಾ?"

ನಂಗೆ ಏನಾಯ್ತು ಅಂತ ಗೊತ್ತಿಲ್ಲ. ರಾತ್ರಿಯಿಂದ ಜಾಗ ಸಿಗದೆ ತಿರುಗ್ತಾ ಇದ್ದ ಸಿಟ್ಟಿಗೆ ಅಲ್ಲಿ ಗಲ್ಲೆಯ ಎದುರು ಜಾಗ ಸಿಕ್ಕಿತು. ನೀವು ಎಲ್ರಿಗೂ ಒಂಬತ್ತು ಹಾಕಿದ್ರೆ ನಿಮ್ಮ ಒಂಬತ್ತಿಗೆ ಕಾಸಿನ ಬೆಲೆ ಇಲ್ಲ ಅಂದೆ. ತ್ರಿಶಿಖರ್‌ನವರು ಸಿಟ್ಟು ಬಂದ್ರೆ ಎರಡು ಹಾಕ್ತಾರೆ, ಖುಷಿ ಆದ್ರೆ ಹತ್ತು ಹಾಕ್ತಾರೆ, ರೆಫ್ರಿಯ ವರ್ಷ ನಿರ್ಧಾರ ಆಗೋದು ಅವರ ಮಾರ್ಕಿನಿಂದ. ಖಾಡಿಗೆ ಮೋಸ ಮಾಡಿದ್ರೂ ಒಂಬತ್ತು, ಮಾಡದಿದ್ರೂ ಒಂಬತ್ತು. ಹಾಗಾದ್ರೆ ವಿಸಿಲ್ ಬಾಯಲ್ಲಿ ಇರುವಾಗ ಅವ ಯಾರ ಮುಖ ನೆನಪು ಮಾಡಿಕೊಳ್ತಾನೆ, ನಿಮ್ಮದಾ? ನವೆಂಬರಿನಲ್ಲಿ ಒಬ್ಬ ಸರಿಯಾದ ರೆಡ್ ಕಾರ್ಡ್ ಕೊಟ್ಟು ಎರಡು ತಿಂದ. ಅವನ ಪರ ಈ ಇಡೀ ಲೀಗಿನಲ್ಲಿ ಒಬ್ಬರಾದ್ರೂ ಮಾತಾಡಿದ್ರಾ? ಸ್ಟ್ಯಾಂಡಿನಲ್ಲಿ ನಾವು ಚೋರ್ ಚೋರ್ ಅಂತ ಕಿರುಚೋದು, ಇಲ್ಲಿ ನೀವು ಅದೇ ಚೋರನಿಗೆ ಒಂಬತ್ತು ಬಡಿಸೋದು.

ಶೇಖರಣ್ಣ ಅಗಿಯೋದು ನಿಲ್ಲಿಸಿದ್ರು. ಅವರಿಗೆ ನಿಜವಾಗಿಯೂ ಇದು ತಲೆಗೆ ಬಂದಿರ್ಲಿಲ್ಲ, ಮುಖದಲ್ಲಿ ಕಾಣ್ತಿತ್ತು. ಕೈಯಲ್ಲಿದ್ದ ಬಿಲ್ಲನ್ನು ಕಂಬಿಗೆ ಚುಚ್ಚಿದ್ರು.

"ಹೌದಾ," ಅಂದ್ರು. "ಹಾಗಾದ್ರೆ ಇವತ್ತು ಎಷ್ಟು ಹಾಕ್ಬೇಕು, ನೀನೇ ಹೇಳು."

ಬೆರಳು ಸ್ಕ್ರೀನಿನ ಮೇಲೆ ಇತ್ತು. ಒಂದರಿಂದ ಹತ್ತರವರೆಗೆ ಗುಂಡಗಿನ ಬಟನ್‌ಗಳು, ಏಳು ಸ್ವಲ್ಪ ಎಡಕ್ಕೆ. ಏಳು ಒತ್ತಿದ್ರೆ ಸಾಕಿತ್ತು. ಅಮ್ಮ ಅಳೋದಿಲ್ಲ, ಅಣ್ಣ ಮೇಲೆ ಹೋಗ್ತಾನೆ, ಮೇಲೆ ಹೋದ ಮೇಲೆ ಈ ಬಿಲ್ಡರ್‌ಗಳ ಹೆದರಿಕೆ ಇಲ್ಲದೆ ನ್ಯಾಯವಾಗಿ ವಿಸಿಲ್ ಊದ್ತಾನೆ. ಅಷ್ಟು ಚಂದದ ಕಾರಣ ನಂಗೆ ಅರ್ಧ ನಿಮಿಷದಲ್ಲಿ ಹೊಳೀತು. ತ್ರಿಶಿಖರ್ ಮ್ಯಾನೇಜರ್‌ಗೂ ಬಸ್ಸು ಹತ್ತುವ ಮುಂಚೆ ಏನಾದ್ರೂ ಚಂದದ್ದು ಹೊಳೆದಿರ್ಬೇಕು.

ಫಾರ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆ ಇತ್ತು. ಅದನ್ನು ಇಷ್ಟು ದಿನದಲ್ಲಿ ಯಾವ ಮ್ಯಾನೇಜರೂ ಓದಿರ್ಲಿಕ್ಕಿಲ್ಲ. ಮ್ಯಾಚಿನ ಫಲಿತಾಂಶ ಬದಲಾಯಿಸಿದ ಸ್ಪಷ್ಟ ತಪ್ಪು ಇದ್ರೆ ಐದಕ್ಕಿಂತ ಜಾಸ್ತಿ ಹಾಕಬಾರದು, ಕಾರಣ ಬರೀಬೇಕು.

ಐದು ಒತ್ತಿದೆ. ಕಾರಣದ ಜಾಗದಲ್ಲಿ, ಬಾಲ್ ಭುಜಕ್ಕೆ ತಗಲಿದ್ದು, ಪೆನಾಲ್ಟಿ ತಪ್ಪು ಅಂತ ಬರೆದೆ.

ಶೇಖರಣ್ಣ ಬಗ್ಗಿ ನೋಡಿದ್ರು. ಕನ್ನಡಕ ಇಲ್ಲದೆಯೂ ಐದು ಕಂಡಿತು. ಹಾಗೆ ಮಾಡ್ಬೇಡ, ಸ್ವಂತ ಅಣ್ಣ, ಮುಂದಿನ ಮ್ಯಾಚಿನಿಂದ ಸರಿಯಾಗಿ ಹಾಕುವಾ, ಇದೊಂದು ಬಿಡು ಅಂತ ಕೈ ಮುಗಿಯುವ ಹಾಗೆ ಮಾಡಿದ್ರು. ಇದೊಂದು ಬಿಡು ಅಂತ ಎಲ್ರೂ ಹೇಳೋದಲ್ವಾ ಅಂದೆ, ಕಳಿಸಿಬಿಟ್ಟೆ. ಫೋನನ್ನು ಗಲ್ಲೆ ಮೇಲೆ ಇಟ್ಟೆ. ಇನ್ನು ಮೇಲೆ ಫಾರ್ಮ್ ತುಂಬುವ ಕೆಲಸ ನಿನ್ನದೇ, ನಂಗೆ ಇಷ್ಟು ಗಟ್ಟಿ ಎದೆ ಇಲ್ಲ ಅಂತ ಅವರು ಅಲ್ಲೇ ಆ್ಯಪಿನ ಪಾಸ್‌ವರ್ಡ್ ನಂಗೆ ಕಳಿಸಿದ್ರು. ಮೆಚ್ಚಿ ಹೇಳಿದ್ದಾ ಹೆದರಿ ಹೇಳಿದ್ದಾ ಗೊತ್ತಾಗ್ಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ನನ್ನ ತಟ್ಟೆ ಇಟ್ಟು, ಬಡಿಸಿ, ಬಾಲ್ಕನಿಗೆ ಹೋಗಿ ನನಗೆ ಬೆನ್ನು ಹಾಕಿ ನಿಂತಳು. ಮಧ್ಯಾಹ್ನ ಇಡೀ ಹಾಗೇ ಹೋಯ್ತು.

ಸೂರಜ್ ಐದಕ್ಕೆ ಬಂದ. ಆ್ಯಪಿನಲ್ಲಿ ನೋಡಿಯಾಗಿತ್ತು. ಬ್ಯಾಗ್ ಇಟ್ಟ, ಚಾ ಕುಡಿದ, ಶೂ ಹಾಕಿಕೊಂಡ. ನಾನು ಎದುರು ನಿಂತೆ. ಐದು ಹಾಕಿದ್ದು ಶೇಖರಣ್ಣ ಅಲ್ಲ, ನಾನು ಅಂದೆ.

ಅವ ಲೇಸ್ ಕಟ್ಟೋದು ನಿಲ್ಲಿಸ್ಲಿಲ್ಲ.

"ಎರಡು ಬಂದಾಗ ಎಲ್ಲಿದ್ದೆ ನೀನು?" ಅಂದ. "ಅವತ್ತು ನಿಮ್ಮ ಪೇಜಿನಲ್ಲಿ ಒಂದು ವಿಡಿಯೋ ಹಾಕಿದ್ದಿಯಾ? ಒಬ್ಬ ರೆಫ್ರಿ ಸರಿ ಮಾಡಿದ ಅಂತ ಒಂದು ಸಾಲು? ತಪ್ಪು ಮಾಡಿದ ದಿನ ಮಾತ್ರ ನಿಮಗೆಲ್ಲ ಕಣ್ಣು ಬರ್ತದೆ."

ಬಾಗಿಲು ಹೊಡೆದು ಹೋದ. ಮಾತು ಸರಿ ಇತ್ತು, ಅದಕ್ಕೇ ನಂಗೆ ಇನ್ನೂ ಸಿಟ್ಟು ಬಂತು. ಹಿಂದೆಯೇ ಹೋದೆ.

ಸೆಕ್ಟರಿನ ಮೈದಾನದಲ್ಲಿ ಅವ ಸುತ್ತು ಹಾಕ್ತಾ ಇದ್ದ. ಪಕ್ಕದಲ್ಲಿ ಕ್ರಿಕೆಟ್ ಆಡುವವರು, ವಾಕಿಂಗ್ ಮಾಡುವ ಹೆಂಗಸರು. ನಾನು ಕಟ್ಟೆಯಲ್ಲಿ ಕೂತೆ. ಒಂದು ಸುತ್ತು ಬಂದ, ನನ್ನನ್ನು ನೋಡ್ಲಿಲ್ಲ. ಎರಡನೆಯದೂ ಹಾಗೇ. ಇನ್ನು ಯಾಕೆ ಓಡ್ತಿ, ಹೆಸರು ಹೋಗೋದಿಲ್ಲ ಅಲ್ವಾ ಅಂತ ಕೇಳಿದೆ. ಶನಿವಾರ ಕಾಮೋಠೆಯಲ್ಲಿ ಸ್ಕೂಲ್ ಮಕ್ಕಳ ಮ್ಯಾಚ್ ಉಂಟು ಅಂತ ಹೇಳಿ ದಾಟಿ ಹೋದ. ಐದೂವರೆ ಆಗಿತ್ತು. ಫಾರ್ಮ್ ತಿದ್ದಲಿಕ್ಕೆ ಆರರವರೆಗೆ ಸಮಯ ಉಂಟು ಅಂತ ನಂಗೆ ಗೊತ್ತು, ಅವನಿಗೂ ಗೊತ್ತು. ಐದನ್ನು ಏಳು ಮಾಡ್ಲಿಕ್ಕೆ ಒಂದು ಒತ್ತು. ಅವ ಕೇಳಿದ್ರೆ ನಾನು ಇಲ್ಲ ಅಂತ ಹೇಳ್ತಿದ್ದೆನಾ, ಇವತ್ತಿಗೂ ಗೊತ್ತಿಲ್ಲ.

ಐದನೇ ಸುತ್ತಿಗೆ ಅವ ನನ್ನ ಎದುರು ನಿಂತ. ಮೊಣಕಾಲಿಗೆ ಕೈ ಕೊಟ್ಟು ಏದುಸಿರು ಬಿಡ್ತಾ ಇದ್ದ.

"ಕಾರಣ ಎಂತ ಬರೆದಿ?"

ಫೋನಿನಲ್ಲಿ ತೆಗೆದು ಓದಿ ಹೇಳಿದೆ.

"ಅಷ್ಟು ಸಾಕಾಗೋದಿಲ್ಲ," ಅಂದ. "ಅದನ್ನು ಓದಿದವರು, ಪಾಪ ರೆಫ್ರಿಗೆ ಕಾಣ್ಲಿಲ್ಲ ಅಂತ ಬಿಟ್ಟುಬಿಡ್ತಾರೆ. ನಾನು ಎಲ್ಲಿ ನಿಂತಿದ್ದೆ ಅಂತ ಬರಿ. ಹತ್ತು ಹೆಜ್ಜೆ ದೂರ. ನಡುವೆ ಯಾರೂ ಇರ್ಲಿಲ್ಲ. ಸೂರ್ಯ ಬೆನ್ನ ಹಿಂದೆ ಇದ್ದ. ಕಾಣದೆ ಇರ್ಲಿಕ್ಕೆ ಕಾರಣವೇ ಇರ್ಲಿಲ್ಲ."

ನಾನು ಅವನ ಮುಖ ನೋಡಿದೆ. ಸಿಟ್ಟು ಸ್ವಲ್ಪವೂ ಇಳಿದಿರ್ಲಿಲ್ಲ.

"ಬರಿ," ಅಂದ. "ಆರು ಗಂಟೆ ಆಗ್ತದೆ."

ನಾನು ಟೈಪ್ ಮಾಡ್ಲಿಕ್ಕೆ ಶುರು ಮಾಡಿದೆ. ಮುಗಿಯುವವರೆಗೆ ಅವ ಅಲ್ಲೇ ನಿಂತಿದ್ದ.